ಅಲೆಕ್ಸಾಂಡರ್ ಫಾನ್ ಹಂಬೋಲ್ಟ್

ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ (14 ಸೆಪ್ಟೆಂಬರ್ 1769 – 6 ಮೇ 1859) ಜರ್ಮನಿಯ ನಿಸರ್ಗವಿಜ್ಞಾನಿ, ಭೂಗೋಳಜ್ಞ ಹಾಗೂ ಅನ್ವೇಷಕ. ಆಂಡಿಸ್ ಪರ್ವತಗಳಲ್ಲಿ ಈತ ನಡೆಸಿದ ಸಂಚಾರ ಸಸ್ಯಭೂಗೋಳಶಾಸ್ತ್ರಕ್ಕೆ ಬುನಾದಿಯಾಯಿತು. ಸ್ಪೇನಿನ ದೊರೆಯಿಂದ ದೊರೆತ ರಹದಾರಿ ಈತನ ಕೀರ್ತಿಗೆ ದಾರಿಮಾಡಿತು. ಹಿಮಾಲಯಕ್ಕೆ ಹೋಗಲು ಹಲವು ವರ್ಷ ಬೇಡಿದರೂ ಈಸ್ಟ್ ಇಂಡಿಯಾ ಕಂಪನಿ ಕೊಡದ ಅನುಮತಿ ಈತನ ಬಾಳಿನ ದೊಡ್ಡ ಕೊರತೆಯಾಗಿ ಉಳಿಯಿತು.

ಆರಂಭಿಕ ಜೀವನ

ಹಂಬೋಲ್ಟ್ ಬರ್ಲಿನ್ ನಗರದ ಸಿರಿವಂತ ಮನೆತನದಲ್ಲಿ ಹುಟ್ಟಿದ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ. ಅಣ್ಣ ವಿಲ್‌ಹೆಲ್ಮ್ ಹೆಸರಾಂತ ಭಾಷಾಶಾಸ್ತ್ರಜ್ಞ. ಭಗವದ್ಗೀತೆಯನ್ನು ಕುರಿತು ಬರ್ಲಿನ್ನಿನಲ್ಲಿ ಉಪನ್ಯಾಸ ನೀಡಿದವನು. ಗಾಟಿಂಗೆನ್ ವಿಶ್ವವಿದ್ಯಾಲಯ ಮತ್ತು ಫ್ರೈಬರ್ಗಿನ ಗಣಿಗಾರಿಕಾ ಅಕಾಡೆಮಿಯಲ್ಲಿ ಓದಿದ ಹಂಬೋಲ್ಟ್ 1792ರಲ್ಲಿ ಪ್ರಷ್ಯದ ಗಣಿ ಇಲಾಖೆಯನ್ನು ಸೇರಿದ. ಗಣಿಕೆಲಸಗಾರರಿಗಾಗಿ ಸ್ವಂತ ಹಣದಿಂದ ಶಾಲೆ ತೆರೆದ. ಅವರ ಬಳಕೆಗೆ ಸುರಕ್ಷಾ ದೀಪವೊಂದನ್ನು ರೂಪಿಸಿದ. 1796ರಲ್ಲಿ ತಾಯಿ ತೀರಿಕೊಂಡಾಗ ಪಿತ್ರಾರ್ಜಿತ ಆಸ್ತಿ ಕೈಸೇರಿತು. ಮರುವರ್ಷ ಹುದ್ದೆ ಬಿಟ್ಟು ದೂರದೇಶದ ಪ್ರವಾಸಕ್ಕೆ ಸಿದ್ಧತೆ ನಡೆಸಿದ.

ಸ್ಪೇನಿನ ರಹದಾರಿ

ಹಣವಿದ್ದ ಮಾತ್ರಕ್ಕೆ ಆ ಕಾಲದಲ್ಲಿ ಪ್ರವಾಸ ಸಾಧ್ಯವಾಗುತ್ತಿರಲಿಲ್ಲ. ಫ್ರಾನ್ಸ್ ಸರ್ಕಾರದ ನೌಕಾಯಾತ್ರೆಯೊಂದಿಗೆ ಹೊರಡುವ ಯೋಜನೆ ಯುದ್ಧದ ಕಾರಣದಿಂದ ಮುಂದಕ್ಕೆ ಹೋಯಿತು. ಸಸ್ಯಶಾಸ್ತ್ರಜ್ಞ ಗೆಳೆಯ ಏಮೆ ಬೊನ್‌ಪ್ಲಾನನೊಂದಿಗೆ ಹಂಬೋಲ್ಟ್ ಮ್ಯಾಡ್ರಿಡ್ ನಗರಕ್ಕೆ ಬಂದ. ಅಮೆರಿಕದ ತನ್ನ ವಸಾಹತುಗಳೊಳಕ್ಕೆ ಸ್ಪೇನ್ ಪರದೇಶೀಯರನ್ನು ಬಿಟ್ಟುಕೊಳ್ಳುತ್ತಿದ್ದುದು ಅಪರೂಪ. ಸ್ಯಾಕ್ಸನಿಯ ರಾಯಭಾರಿ ಫೊರೆಲ್ ಮತ್ತು ಮಂತ್ರಿ ಉರ್ಕಿಹೊ ಅವರ ನೆರವಿನಿಂದ 1799ರ ಮಾರ್ಚ್ ತಿಂಗಳಲ್ಲಿ ಅರನ್‌ಹ್ವೆಸ್ ಅರಮನೆಯಲ್ಲಿ ನಾಲ್ಕನೆಯ ಕಾರ್ಲೋಸ್ ದೊರೆಯ ಭೇಟಿ ದೊರೆಯಿತು. ಹಂಬೋಲ್ಟನ ಗಣಿವಿದ್ಯೆ ಇಲ್ಲಿ ಉಪಯೋಗಕ್ಕೆ ಬಂದಿರಬೇಕು. ಸ್ಪೇನಿನ ಬೊಕ್ಕಸ ಅಮೆರಿಕದ ಬೆಳ್ಳಿಯನ್ನು ಬಹುವಾಗಿ ನೆಚ್ಚಿಕೊಂಡಿತ್ತು. ಬಯಸಿದೆಡೆ ಸಂಚರಿಸಲು, ಉಪಕರಣಗಳನ್ನು ಬಳಸಲು, ಮಾದರಿಗಳನ್ನು ಸಂಗ್ರಹಿಸಲು ರಹದಾರಿಯಲ್ಲಿ ಅವಕಾಶವಿತ್ತು. ಖರ್ಚೆಲ್ಲ ಹಂಬೋಲ್ಟನದೇ.

ಆಂಡಿಸ್ ಸಂಚಾರ

1799ರ ಜೂನ್ 5ರಂದು ಲಾ ಕೊರೂನ್ಯಾ ಬಂದರಿನಿಂದ ಹೊರಟ ಇಬ್ಬರೂ ಐದು ವರ್ಷ ಅಮೆರಿಕದಲ್ಲಿ ಸಂಚರಿಸಿದರು. ಒರಿನೊಕೊ ನದಿಯ ಯಾನದ ಬಳಿಕ ಆಂಡಿಸ್ ಶ್ರೇಣಿಯನ್ನು ಹಾದು ಕ್ವಿಟೊ ಸೇರಿದರು. 1802ರ ಜೂನ್ 23ರಂದು, ಆಗ ಜಗತ್ತಿನ ಅತ್ಯುನ್ನತ ಶಿಖರವೆಂದು ಭಾವಿಸಲಾಗಿದ್ದ ಚಿಂಬೊರಾಜೊವನ್ನು ಏರಿದರು. ತೆಳುಗಾಳಿಯಿಂದ ಉಸಿರು ಕಟ್ಟಿ, ಒಸಡಿನಿಂದ ರಕ್ತ ಒಸರುತ್ತಿದ್ದರೂ ವಾಯುಭಾರಮಾಪಕದ ಅಳತೆಗಳನ್ನು ಬಿಡಲಿಲ್ಲ. ಆಳವಾದ ಕಮರಿಯೊಂದು ಅಡ್ಡ ಬಂದು, ತುದಿ ಮುಟ್ಟುವ ಮೊದಲೇ ಹಿಂತಿರುಗಬೇಕಾಯಿತು. ಹಂಬೋಲ್ಟನ ಲೆಕ್ಕದಂತೆ ತಲುಪಿದ ಎತ್ತರ ಸುಮಾರು 5,800 ಮೀಟರಿಗೂ ಮಿಗಿಲು. ಬುಡದಿಂದ ಹಿಮರೇಖೆಯವರೆಗೆ ಯಾವ ಎತ್ತರದಲ್ಲಿ ಯಾವ ಸಸ್ಯ ಬೆಳೆಯುತ್ತದೆಂಬುದನ್ನು ಇದೇ ಬೆಟ್ಟದ ಸೀಳುಚಿತ್ರದಲ್ಲಿ ತೋರಿಸಿ 1807ರಲ್ಲಿ ಪ್ರಕಟಿಸಿದ. ಉಷ್ಣಾಂಶ ಮತ್ತು ಎತ್ತರಕ್ಕೆ ತಕ್ಕಂತೆ ಸಸ್ಯವಲಯಗಳು ಬದಲಾಗುತ್ತವೆಂಬುದು ಇದರ ತಿರುಳು.

ಹಿಮಾಲಯದ ಕನಸು

ಒಂದು ಖಂಡದಲ್ಲಿ ಕಂಡ ನಿಯಮ ಇನ್ನೊಂದರಲ್ಲೂ ನಿಲ್ಲುವುದೇ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಹಿಮಾಲಯವೇ ಆಗಬೇಕಿತ್ತು. ಹಿಮಾಲಯದ ಶಿಖರಗಳು ಚಿಂಬೊರಾಜೊವನ್ನು ಮೀರುತ್ತವೆಂದು ಬ್ರಿಟಿಷ್ ಮೋಜಣಿದಾರರ ಅಳತೆಗಳು ಸೂಚಿಸಿದ್ದವು. ಭಾರತಕ್ಕೆ ಹೋಗಲು ಈಸ್ಟ್ ಇಂಡಿಯಾ ಕಂಪನಿಯ ಒಪ್ಪಿಗೆ ಅನಿವಾರ್ಯ. 1814, 1817 ಮತ್ತು 1818ರಲ್ಲಿ ಹಂಬೋಲ್ಟ್ ಲಂಡನ್ನಿಗೆ ಹೋಗಿ ಪ್ರಭಾವಶಾಲಿಗಳನ್ನು ಕಂಡ. ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಧನಸಹಾಯಕ್ಕೂ ಒಪ್ಪಿದ. ಹೀಗೆ ಹಣ ಸಿದ್ಧವಿತ್ತು, ಅರಸನ ಬೆಂಬಲವಿತ್ತು. ಕಂಪನಿಯ ಅನುಮತಿ ಮಾತ್ರ ಬರಲಿಲ್ಲ. ಮೆಕ್ಸಿಕೊ ಕುರಿತ ಗ್ರಂಥದಲ್ಲಿ ಹಂಬೋಲ್ಟ್ ವಸಾಹತು ಆಡಳಿತವನ್ನೂ ಮೂಲನಿವಾಸಿಗಳ ಶೋಷಣೆಯನ್ನೂ ಕಟುವಾಗಿ ಟೀಕಿಸಿದ್ದ. ಅಂಥ ಲೇಖಕ ಭಾರತಕ್ಕೆ ಬಂದರೆ ತಮ್ಮ ಆಡಳಿತವನ್ನೂ ಬಿಡಲಾರನೆಂದು ನಿರ್ದೇಶಕರು ಹಿಂಜರಿದರೆಂದು ಚರಿತ್ರಕಾರರು ಊಹಿಸುತ್ತಾರೆ. ಸ್ಪೇನಿನ ಕೃಪೆಯಿಂದ ಕಂಡದ್ದನ್ನು ಮುಚ್ಚಿಡದೆ ಬರೆದುದಕ್ಕೆ ತೆತ್ತ ಬೆಲೆ ಇದಾಗಿದ್ದರೆ, ಅದು ಸಣ್ಣದಲ್ಲ.

ರಷ್ಯ ಪ್ರವಾಸ

ಪ್ಲಾಟಿನಂ ನಾಣ್ಯಗಳ ವಿಷಯವಾಗಿ ನಡೆದ ಪತ್ರವ್ಯವಹಾರ ಹೊಸ ಬಾಗಿಲು ತೆರೆಯಿತು. ರಷ್ಯದ ಹಣಕಾಸು ಮಂತ್ರಿ ಕಾಂಕ್ರಿನ್ ಹಂಬೋಲ್ಟನನ್ನು ಉರಲ್ ಪರ್ವತಗಳಿಗೆ ಆಹ್ವಾನಿಸಿದ. ಖರ್ಚು ಝಾರ್ ಒಂದನೆಯ ನಿಕೊಲಸನದು. ಜೀತದಾಳುಗಳ ಸ್ಥಿತಿಗತಿ, ರಾಜ್ಯಾಡಳಿತ ಮೊದಲಾದವುಗಳ ಬಗ್ಗೆ ಏನೂ ಬರೆಯುವುದಿಲ್ಲವೆಂದು ಹಂಬೋಲ್ಟ್ ಮಾತುಕೊಟ್ಟ. 1829ರಲ್ಲಿ ಎಹ್ರೆನ್‌ಬರ್ಗ್ ಮತ್ತು ಗುಸ್ತಾವ್ ರೋಸ್ ಎಂಬ ವಿಜ್ಞಾನಿಗಳೊಡನೆ 15,000 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿದ. ಎಲ್ಲೆಡೆ ಅಧಿಕಾರಿಗಳ ಉಪಚಾರ, ಅದರ ಜೊತೆಗೇ ಅವರ ಕಣ್ಗಾವಲು. ತೊಬೊಲ್‌ಸ್ಕ್ ಊರಿನಲ್ಲಿ ಮಾತ್ರ ಹಂಬೋಲ್ಟ್ ಅನುಮತಿಗೆ ಕಾಯಲಿಲ್ಲ: ನಿಗದಿತ ಮಾರ್ಗ ಬಿಟ್ಟು, ಮಂತ್ರಿಗೆ ಪತ್ರ ಬರೆದು ತಿಳಿಸಿ, ಪೂರ್ವಕ್ಕೆ ಆಲ್ಟಾಯ್ ಪರ್ವತಗಳ ಕಡೆ ಹೊರಟ. ನಡುವಿನ ಬರಾಬಾ ಬಯಲಿನಲ್ಲಿ ಆಂಥ್ರಾಕ್ಸ್ ರೋಗ ಹಬ್ಬಿತ್ತು. ಚೀನಾದ ಗಡಿಠಾಣೆಯವರೆಗೆ ಹೋಗಿ, ಹಿಂದಿರುಗುವ ದಾರಿಯಲ್ಲಿ ಮಿಯಾಸ್ ಊರಿನಲ್ಲಿ ಅರವತ್ತನೆಯ ಹುಟ್ಟುಹಬ್ಬ ಆಚರಿಸಿಕೊಂಡ. ಹಿಮಾಲಯಕ್ಕೆ ಈತ ಬಂದದ್ದು ಅಷ್ಟು ಸಮೀಪಕ್ಕೆ ಮಾತ್ರ.

ಕೊನೆಯ ವರ್ಷಗಳು

ಮಧ್ಯ ಏಷ್ಯದ ಪರ್ವತಗಳನ್ನು ಕುರಿತ ಗ್ರಂಥ 1843ರಲ್ಲಿ ಹೊರಬಂತು. ತನಗೆ ದೊರೆಯದ ಅವಕಾಶ ಕಿರಿಯರಿಗಾದರೂ ಸಿಗಲೆಂದು ಹಂಬೋಲ್ಟ್ ಶ್ರಮಿಸಿದ. 1847ರಲ್ಲಿ ಭಾರತಕ್ಕೆ ಹೊರಟು ಸಿಕ್ಕಿಮಿನಲ್ಲಿ ಸಸ್ಯಶೋಧನೆ ನಡೆಸಿದ ಜೋಸೆಫ್ ಹೂಕರ್ ಈತನಿಂದ ಪ್ರೋತ್ಸಾಹ ಪಡೆದವನು. ಶ್ಲಾಗಿನ್‌ಟ್ವೈಟ್ ಸಹೋದರರು 1854ರಲ್ಲಿ ಹಿಮಾಲಯದ ಸಮೀಕ್ಷೆಗೆ ಬಂದುದಕ್ಕೂ ಹಂಬೋಲ್ಟನ ಶಿಫಾರಸು ಕಾರಣ. ಆಗ ವೆಚ್ಚದಲ್ಲಿ ಪಾಲು ಕೊಟ್ಟದ್ದು ಅದೇ ಈಸ್ಟ್ ಇಂಡಿಯಾ ಕಂಪನಿ. ಅವರಲ್ಲಿ ಅಡಾಲ್ಫ್ 1857ರಲ್ಲಿ ಕಾಷ್ಗರಿನಲ್ಲಿ ಕೊಲೆಯಾದ. ಹಂಬೋಲ್ಟ್ ತನ್ನ ಬೃಹತ್ ಕೃತಿ ‘ಕಾಸ್ಮೋಸ್’ನ ಐದನೆಯ ಸಂಪುಟವನ್ನು ಬರೆಯುತ್ತಿರುವಾಗಲೇ 1859ರ ಮೇ 6ರಂದು ಬರ್ಲಿನ್ನಿನಲ್ಲಿ ನಿಧನನಾದ. ಅಪೂರ್ಣವಾಗಿದ್ದ ಆ ಸಂಪುಟ 1862ರಲ್ಲಿ ಪ್ರಕಟವಾಯಿತು.