ಆಚಾರ್ಯ ಶಾಂತಿಸಾಗರ ಮಹಾರಾಜರ ಸಂಯಮಸಾಧನೆ

ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿ, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯಲ್ಲಿ, ಭೋಜ ಎಂಬ ಗ್ರಾಮವುಂಟು. ಅಲ್ಲಿಯ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ಎಂಬ ಧರ್ಮನಿಷ್ಠ ದಂಪತಿಗಳಿಗೆ ೧೮೭೨ರಲ್ಲಿ, ತಾಯಿಯ ತವರಾದ ಯಳಗುಡದಲ್ಲಿ, ಜನಿಸಿದ ಸಾತಗೌಡನೇ ಮುಂದೆ ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರೆಂದು ಲೋಕವಂದ್ಯರಾದರು. ಅವರ ಮುನಿಜೀವನದ ಘೋರ ತಪಸ್ಸನ್ನು ಕೊಂಡಾಡದ ಶ್ರಾವಕರಿಲ್ಲ. ಆದರೆ ಆ ತಪಸ್ಸಿಗೆ ಮೊದಲು ನಾಲ್ಕು ದಶಕಗಳಷ್ಟು ದೀರ್ಘಕಾಲ ಅವರು ಮನೆಯಲ್ಲಿದ್ದೇ ನಡೆಸಿದ ಸಾಧನೆಯತ್ತ ದೃಷ್ಟಿ ಹರಿಸುವವರು ವಿರಳ. ಬೇರು ಇದ್ದುದು ಅಲ್ಲಿಯೇ.

ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಸಾತಗೌಡನಿಗೆ ವಿವಾಹವಾಯಿತು. ಆ ಬಾಲವಧು ಕೆಲವೇ ತಿಂಗಳುಗಳಲ್ಲಿ ತೀರಿಕೊಂಡಳು. ಪ್ರಾಯಕ್ಕೆ ಬಂದಾಗ ಪುನಃ ವಿವಾಹದ ಮಾತೆದ್ದರೂ ಅವರು ಒಪ್ಪದೆ ಬ್ರಹ್ಮಚರ್ಯವನ್ನು ಕೈಕೊಂಡರು. ಹದಿನೇಳು ಹದಿನೆಂಟರ ಹರೆಯದಲ್ಲಿಯೇ ಮುನಿದೀಕ್ಷೆಯ ಹಂಬಲ ಬಲವಾಗಿತ್ತು. ಆದರೆ ತಾವು ಬದುಕಿರುವವರೆಗೆ ಮನೆಯನ್ನು ತೊರೆಯಬಾರದೆಂದು ತಂದೆ ಕೇಳಿಕೊಂಡರು, ಮಗ ತಲೆಬಾಗಿದನು. ಆತುರದ ವಿರಾಗಿಗೆ ಇದೊಂದು ಸಂಕೋಲೆಯೆನಿಸುತ್ತಿತ್ತು. ಸಾತಗೌಡರಾದರೋ ಮನೆ, ಹೊಲ, ಅಂಗಡಿಗಳನ್ನೇ ಸಂಯಮದ ಪಾಠಶಾಲೆಯನ್ನಾಗಿ ಮಾಡಿಕೊಂಡರು.

ಹೊಲ ಕಾಯಲು ಹೋದರೆ ತೆನೆಗೆ ಎರಗಿದ ಹಕ್ಕಿಗಳನ್ನು ಅವರು ಓಡಿಸುತ್ತಿರಲಿಲ್ಲವಂತೆ. ಅವುಗಳಿಗೆ ಕುಡಿಯಲು ನೀರನ್ನೂ ಇಡುತ್ತಿದ್ದರಂತೆ. ಬಟ್ಟೆಯ ಅಂಗಡಿಯನ್ನು ತಮ್ಮ ಕುಮಗೌಡನು ನೋಡಿಕೊಳ್ಳುತ್ತಿದ್ದನು. ಅವನಿಲ್ಲದ ವೇಳೆ ಗಿರಾಕಿಗಳು ಬಂದರೆ, ಬೇಕಾದ ಬಟ್ಟೆಯನ್ನು ತಾವೇ ಅಳೆದುಕೊಂಡು ಲೆಕ್ಕವನ್ನೂ ತಾವೇ ನೋಡಿಕೊಳ್ಳುವಂತೆ ಸಾತಗೌಡರು ಹೇಳುತ್ತಿದ್ದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಇದು ಮೆಚ್ಚತಕ್ಕ ಪದ್ಧತಿಯಲ್ಲದಿರಬಹುದು. ಪರಿಗ್ರಹದ ಹಿಡಿತ ಎಷ್ಟು ಸಡಿಲಿತ್ತೆಂಬುದಕ್ಕೆ ಮಾತ್ರ ಬೇರೆ ಸಾಕ್ಷಿ ಬೇಡ.

ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ಸಮ್ಮೇದಶಿಖರಜಿಯ ಯಾತ್ರೆ ಮಾಡಿದರು. ದೃಢಕಾಯರಾಗಿದ್ದ ಅವರು, ಬೆಟ್ಟವೇರಲಾರದೆ ಬಳಲಿದ ವೃದ್ಧೆಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರೆಂದು ಪ್ರತೀತಿ. ಆ ಕ್ಷೇತ್ರದ ಸ್ಮರಣಾರ್ಥವಾಗಿ ತುಪ್ಪ ಮತ್ತು ಎಣ್ಣೆಗಳನ್ನು ಯಾವಜ್ಜೀವ ತ್ಯಜಿಸಿದರು. ಊರಿಗೆ ಮರಳಿದ ಮೇಲೆ ಏಕಭುಕ್ತವನ್ನು ಸ್ವೀಕರಿಸಿದರು. ಇಲ್ಲಿಯ ಕ್ರಮವನ್ನು ಗಮನಿಸಬೇಕು. ಮೊದಲು ಬ್ರಹ್ಮಚರ್ಯ, ಅನಂತರ ರಸತ್ಯಾಗ, ಆಮೇಲೆ ಏಕಭುಕ್ತ. ಒಂದು ನೆಲೆ ನಿಂತ ಬಳಿಕವೇ ಮತ್ತೊಂದು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸವಿದ್ದು, ಹನ್ನೊಂದನೆಯ ದಿನ ನಾಲಗೆಯ ಬಾಕಿಯನ್ನೆಲ್ಲ ಬಡ್ಡಿಸಹಿತ ತೀರಿಸಿಕೊಳ್ಳುವ ಪರಿ ಅವರದಾಗಿರಲಿಲ್ಲ. ಬಿಟ್ಟ ತುಪ್ಪ ಬಿಟ್ಟುದೇ ಆಯಿತು.

೧೯೧೨ರ ಹೊತ್ತಿಗೆ ತಂದೆತಾಯಿಗಳಿಬ್ಬರೂ ಕಾಲವಶರಾಗಿದ್ದರು. ಕೊಟ್ಟ ಮಾತು ಪೂರ್ಣವಾದ ಮೇಲೆ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು. ಆಗ ಅವರಿಗೆ ನಾಲ್ವತ್ತು ದಾಟಿತ್ತು. ನಿಜವಾದ ಪರೀಕ್ಷೆ ಒದಗಿದುದು ಅನಂತರವೇ. ಆ ಕಾಲದಲ್ಲಿ ದಕ್ಷಿಣದಲ್ಲಿದ್ದ ಕೆಲವೇ ತ್ಯಾಗಿಗಳ ಆಚಾರ ಶಿಥಿಲವಾಗಿತ್ತು. ಇಂದು ಇಂಥವರ ಮನೆಯಲ್ಲಿ ಆಹಾರವೆಂದು ಉಪಾಧ್ಯಾಯರು ಮೊದಲೇ ಗೊತ್ತುಮಾಡುವರು. ತ್ಯಾಗಿಗಳು ಆ ಮನೆಗೆ ಹೋಗಿ ಉಂಡು ಬರುವರು. ಊರೊಳಗೆ ಹೋಗುವಾಗ ಮುನಿಗಳೂ ಬಟ್ಟೆ ಹೊದೆಯುವ ವಾಡಿಕೆಯಿತ್ತು. ಶಾಸ್ತ್ರಾಭ್ಯಾಸ ಮಾಡಿದ್ದ ನೂತನ ಕ್ಷುಲ್ಲಕರಿಗೆ ಇದು ಆಗಮಸಮ್ಮತವಲ್ಲವೆಂದು ತಿಳಿದಿತ್ತು. ತಮಗಾಗಿ ಗೊತ್ತುಮಾಡಿದ ಮನೆಯ ಆಹಾರ ಉದ್ದಿಷ್ಟ ದೋಷಕ್ಕೆ ಒಳಗಾಗುವುದರಿಂದ ಅವರು ಅದನ್ನು ನಿರಾಕರಿಸಿದರು. ಶ್ರಾವಕರಿಗೋ ಭಕ್ತಿಯಿಂದ ಪ್ರತಿಗ್ರಹಣ ಮಾಡುವ ವಿಧಿಯೇ ಮರೆತುಹೋಗಿತ್ತು. ಪರಿಣಾಮವಾಗಿ ಕೆಲವು ದಿನ ಚರ್ಯೆಗೆ ಹೊರಟವರು ಬರಿಹೊಟ್ಟೆಯಲ್ಲಿಯೇ ಬಸದಿಗೆ ಹಿಂದಿರುಗಬೇಕಾಯಿತು. ಅವರು ಯಾರನ್ನೂ ನಿಂದಿಸಲಿಲ್ಲ, ವಾದಕ್ಕೂ ಇಳಿಯಲಿಲ್ಲ, ಹಸಿದೇ ಇದ್ದರು. ಕ್ರಮೇಣ ಶ್ರಾವಕರು ವಿಧಿಯನ್ನು ಅರಿತು ಬಾಗಿಲಲ್ಲಿ ನಿಲ್ಲತೊಡಗಿದರು. ಮನೆಯ ಏಕಭುಕ್ತದಲ್ಲಿ ಪಳಗಿರದ ದೇಹವಾಗಿದ್ದರೆ ಆ ದಿನಗಳಲ್ಲಿ ನಿಯಮವೇ ಸೋಲುತ್ತಿತ್ತೇನೋ.

ಗಿರನಾರದಲ್ಲಿ ನೇಮಿನಾಥ ಸ್ವಾಮಿಯ ಸನ್ನಿಧಿಯಲ್ಲಿ ಐಲಕ ಪದವನ್ನು ಧರಿಸಿ, ೧೯೨೦ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ದೀಕ್ಷೆಯನ್ನು ಪಡೆದರು. ೧೯೨೪ರಲ್ಲಿ ಸಮಡೋಳಿಯಲ್ಲಿ ಸಂಘವು ಅವರಿಗೆ ಆಚಾರ್ಯ ಪದವನ್ನಿತ್ತಿತು. ೧೯೨೭ರಲ್ಲಿ ಚತುರ್ವಿಧ ಸಂಘದೊಡನೆ ಶಿಖರಜಿಯತ್ತ ವಿಹಾರ ಹೊರಟಾಗ, ಶತಮಾನಗಳಿಂದ ದಿಗಂಬರ ಮುನಿಸಂಘವನ್ನು ಕಾಣದಿದ್ದ ಉತ್ತರದ ಊರುಗಳು ಅವರ ದರ್ಶನದಿಂದ ಪುಳಕಿತವಾದವು. ದಿಲ್ಲಿಯ ಬೀದಿಗಳಲ್ಲಿಯೂ ಅವರು ನಿರ್ಭಯರಾಗಿ ನಡೆದರು.

ಮೂವತ್ತೈದು ವರ್ಷಗಳ ಮುನಿಜೀವನದಲ್ಲಿ ಅವರು ಕೈಕೊಂಡ ಉಪವಾಸಗಳನ್ನು ಚರಿತ್ರಕಾರರು ೯,೯೩೮ ಎಂದು ಎಣಿಸಿದ್ದಾರೆ. ಎಂದರೆ ಇಪ್ಪತ್ತೇಳು ವರ್ಷಗಳಿಗೂ ಮಿಕ್ಕಿದ ದಿನಗಳು! ಇವುಗಳಲ್ಲಿ ೧,೨೩೪ ಉಪವಾಸಗಳ ಚಾರಿತ್ರಶುದ್ಧಿ ವ್ರತವೂ, ಸಿಂಹನಿಷ್ಕ್ರೀಡಿತದಂತಹ ಕಠಿಣ ವ್ರತವೂ ಸೇರಿವೆ. ಮುಂಬಯಿ ಪ್ರಾಂತದ ದೇವಾಲಯ ಪ್ರವೇಶ ಕಾಯಿದೆಯನ್ನು ಜೈನ ಬಸದಿಗಳಿಗೂ ಅನ್ವಯಿಸಿದಾಗ, ೧೯೫೧ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪು ಬರುವವರೆಗೆ ಸುಮಾರು ಮೂರು ವರ್ಷ ಅವರು ಅನ್ನವನ್ನೇ ವರ್ಜಿಸಿದ್ದರು. ಆ ಕಾಯಿದೆಯ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ಅಂದೂ ಇದ್ದವು, ಇಂದೂ ಇವೆ. ಆದರೆ ಅನ್ಯರಿಗೆ ಕಷ್ಟ ಕೊಡದೆ ಕಷ್ಟವನ್ನು ತಮ್ಮ ದೇಹಕ್ಕೇ ವಿಧಿಸಿಕೊಳ್ಳುವ ಅವರ ರೀತಿ ಇಲ್ಲಿಯೂ ಬದಲಾಗಲಿಲ್ಲ.

ವೃದ್ಧಾಪ್ಯದಲ್ಲಿ ಕಣ್ಣು ಮಂಜಾಯಿತು. ನೆಲವನ್ನು ನೋಡಿ ಹೆಜ್ಜೆಯಿಡಲಾಗದಿದ್ದರೆ ಈರ್ಯಾಸಮಿತಿ ನಡೆಯದು. ಆಹಾರವನ್ನು ಶೋಧಿಸಲಾಗದಿದ್ದರೆ ಏಷಣಾಸಮಿತಿಯೂ ನಡೆಯದು. ಕುಲಭೂಷಣ ದೇಶಭೂಷಣ ಮುನಿಗಳ ಸಿದ್ಧಕ್ಷೇತ್ರವಾದ ಕುಂಥಲಗಿರಿಯಲ್ಲಿ ೧೯೫೫ರ ಆಗಸ್ಟ್ ೧೪ರಂದು ಅವರು ಸಲ್ಲೇಖನವನ್ನು ಆರಂಭಿಸಿದರು. ಆಚಾರ್ಯ ಪದವನ್ನು ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಒಪ್ಪಿಸಿದರು. ಆರಂಭದಲ್ಲಿ ಯಾವಾಗಲೋ ಒಮ್ಮೆ ನೀರನ್ನು ಮಾತ್ರ ತೆಗೆದುಕೊಂಡು, ಸೆಪ್ಟೆಂಬರ್ ಮೊದಲ ವಾರದಲ್ಲಿ ಅದನ್ನೂ ನಿಲ್ಲಿಸಿದರು. ಇಪ್ಪತ್ತಾರನೆಯ ದಿನ ಮರಾಠಿಯಲ್ಲಿ ಅವರಿತ್ತ ಅಂತಿಮ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಮೂವತ್ತಾರನೆಯ ದಿನ, ಸೆಪ್ಟೆಂಬರ್ ೧೮ರ ಭಾನುವಾರ ಪ್ರಾತಃಕಾಲ, ಆ ಗಿರಿಯ ಮೇಲೆಯೇ ಅವರು ಸಮಾಧಿಯನ್ನು ಪಡೆದರು.