ಎರಡು ವರ್ಷ ಮಾರಾಟವಾಗದ ನೇಗಿಲು ಮತ್ತು ನಮ್ಮ ಮೋಟಾರು

ಹೊನ್ನಾವರ, ಕುಮಟಾ ಕಡೆಯ ಅಡಿಕೆ ತೋಟಗಳ ಪಂಪ್‌ಶೆಡ್‌ಗಳಲ್ಲಿ ಕಿರ್ಲೋಸ್ಕರ್ ಅನ್ನೋ ಹೆಸರು ಕಂಡರೆ ಯಾರಿಗೂ ಆಶ್ಚರ್ಯ ಆಗೋದಿಲ್ಲ. ಆದರೆ ಆ ಹೆಸರಿನ ಹಿಂದಿನ ಮನುಷ್ಯ ಮಾಡಿದ ಕಬ್ಬಿಣದ ನೇಗಿಲನ್ನು ಎರಡು ವರ್ಷ ಯಾರೂ ಕೊಳ್ಳಲಿಲ್ಲ ಎಂಬುದು ಎಷ್ಟು ಜನಕ್ಕೆ ಗೊತ್ತು? ಎಲೆಕ್ಟ್ರಿಕ್ ವಾಹನದ ಮೋಟಾರಿಗೆ ಹೊಸ ಭಾಗ ತಯಾರಿಸಿದ್ದೇವೆ ಎಂಬ ಸುದ್ದಿಗಳು ಮೇಲಿಂದ ಮೇಲೆ ಬರುತ್ತಿರುವ ಈ ಹೊತ್ತಿನಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಬದುಕನ್ನು ಮತ್ತೆ ನೋಡಬೇಕು ಅನ್ನಿಸಿತು.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆಗ ಬೆಳಗಾವಿಯೂ ನಮ್ಮ ಉತ್ತರ ಕನ್ನಡವೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಚಿತ್ರಕಾರನಾಗಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದ ಹುಡುಗನಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣೋದಿಲ್ಲ ಎಂದು ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಹಿಡಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟ್ರಾದರು. ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ವಾಪಸಾದರು.

ಅಲ್ಲಿ ಅಣ್ಣ ರಾಮುಅಣ್ಣನ ಜೊತೆ ಸೈಕಲ್ ಅಂಗಡಿ. ಕಿರ್ಲೋಸ್ಕರ್ ಸಮೂಹ ತನ್ನ ಹುಟ್ಟನ್ನು 1888ರಿಂದ ಲೆಕ್ಕ ಹಾಕೋದು ಈ ವ್ಯಾಪಾರದಿಂದಲೇ. ಸೈಕಲ್ ಮಾರಿದರಷ್ಟೇ ಸಾಲದು, ತುಳಿಯೋದನ್ನೂ ಕಲಿಸಬೇಕಿತ್ತು. ಕಲಿಸೋಕೆ ಬೇರೆ ಫೀಸು. ಹೊಸ ವಸ್ತು ಮಾರೋನು ಅದನ್ನು ಬಳಸೋದನ್ನೂ ಹೇಳಿಕೊಡಬೇಕು ಅನ್ನೋ ಪಾಠ ಅಣ್ಣ ತಮ್ಮಂದಿರಿಗೆ ಅಲ್ಲೇ ಸಿಕ್ಕಿರಬೇಕು.

ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಹಿಂದೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಅದನ್ನು ಮೂಢನಂಬಿಕೆ ಎಂದು ನಗೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಮರದ ನೇಗಿಲು ಮುರಿದರೆ ಊರ ಬಡಗಿ ಇದ್ದಾನೆ, ಕಬ್ಬಿಣದ್ದು ಮುರಿದರೆ ಯಾರ ಹತ್ರ ಹೋಗೋದು? ಒಂದು ಹಂಗಾಮು ಕೈಕೊಟ್ಟರೆ ವರ್ಷದ ಅನ್ನ ಹೋಯಿತು. ನಷ್ಟ ರೈತನದ್ದು, ಪ್ರಯೋಗ ಮಾತ್ರ ಇನ್ನೊಬ್ಬನದ್ದು.

ಇಷ್ಟರಲ್ಲಿ ಬಡಾವಣೆ ವಿಸ್ತರಣೆಗೆಂದು ಬೆಳಗಾವಿಯ ನಗರಸಭೆ ಕಾರ್ಖಾನೆ ಇದ್ದ ಜಾಗ ಖಾಲಿ ಮಾಡಿಸಿತು. ಕೈಹಿಡಿದದ್ದು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತ್ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ ಪಾಪಾಸುಕಳ್ಳಿ ಬೆಳೆದ 32 ಎಕರೆ ಬರಡು ನೆಲ, ಜೊತೆಗೆ 10,000 ರೂಪಾಯಿ ಸಾಲ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದಿದ್ದೇ ಕಿರ್ಲೋಸ್ಕರವಾಡಿ. ಗಮನಿಸಿ, ರಾಜ ಕೊಟ್ಟಿದ್ದು ಬಹುಮಾನವಲ್ಲ. ನೆಲ ಮತ್ತು ತಾಳ್ಮೆಯಿರುವ ದುಡ್ಡು.

1920ರಲ್ಲಿ ಕಂಪನಿ ಮರಾಠಿಯಲ್ಲಿ ಒಂದು ಮಾಸಪತ್ರಿಕೆಯನ್ನೇ ಶುರು ಮಾಡಿತು. ಗ್ರಾಹಕರ ಜೊತೆ ಮಾತಾಡೋಕೆ ಹೊರಟ ಅದು ಮುಂದೆ ಮನೆಮನೆಯ ಓದಾಯಿತು. 1926ರ ಹೊತ್ತಿಗೆ ಪಂಪು ಬಂತು. ನೇಗಿಲು ಕೊಂಡವನಿಗೆ ನೀರೂ ಬೇಕಲ್ಲ. ಪಂಪು ತಿರುಗಿಸೋಕೆ ಎಂಜಿನ್ ಬೇಕು, ಇಲ್ಲವೇ ಮೋಟಾರು. 1941ರಲ್ಲಿ ಹರಿಹರದಲ್ಲಿ ಲೇತ್ ಮೊದಲಾದ ಯಂತ್ರಗಳ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಲ್ಲಿ ಮೋಟಾರುಗಳ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾದವು. ಆ ಹೊತ್ತಿಗೆ ಹೊಣೆ ಮುಂದಿನ ತಲೆಮಾರಿನ ಕೈಗೆ ಬಂದಿತ್ತು. ಇದನ್ನೆಲ್ಲ ನೋಡಿಯೇ 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು.

ಈಗ ನಮ್ಮ ಕಾಲಕ್ಕೆ ಬನ್ನಿ. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಖನಿಜಗಳು ಮತ್ತು ಅವುಗಳಿಂದಾಗುವ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದ ಮೇಲೆ, ಆ ಅಯಸ್ಕಾಂತ ಇಲ್ಲದ ಮೋಟಾರು ಬೇಕು ಅನ್ನೋ ಕೂಗು ಜೋರಾಗಿದೆ. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಹೊಸ ರೋಟರ್ ಒಂದು ಲ್ಯಾಬಿನ ಮೇಜಿನ ಮೇಲೆ ತಿರುಗೋದು ಕೆಲಸದ ಆರಂಭ ಅಷ್ಟೇ. ಸಾವಿರ ರೋಟರ್ ಮಾಡಿದರೂ ಸಾವಿರವೂ ಒಂದೇ ಥರ ಇರಬೇಕು. ವೋಲ್ಟೇಜ್ ಕುಸಿದಾಗ ವೈಂಡಿಂಗ್ ಸುಡಬಾರದು. ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ತಡೆದು ಬೇರಿಂಗ್ ಬಾಳಬೇಕು. ಕೆಟ್ಟರೆ ಕುಮಟಾದ ವೈಂಡಿಂಗ್ ಅಂಗಡಿಯವನಿಗೆ ಬಿಚ್ಚಿ ಕಟ್ಟೋಕೆ ಬರಬೇಕು. ನೇಗಿಲು ಕೊಳ್ಳದ ರೈತನ ಪ್ರಶ್ನೆ ಇವತ್ತಿಗೂ ಬದಲಾಗಿಲ್ಲ ನೋಡಿ.

ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿ ನೀರಿನಿಂದ 240 ಮೆಗಾವಾಟ್ ಉತ್ಪಾದಿಸುವ ವಿದ್ಯುದಾಗಾರವಿದೆ. ಭಟ್ಕಳದಲ್ಲಿ 1980ರಿಂದ ಇಂಜಿನಿಯರಿಂಗ್ ಕಾಲೇಜಿದೆ. ತೋಟ ತೋಟದಲ್ಲೂ ಪಂಪ್‌ಸೆಟ್ ಇದೆ. ಕರೆಂಟು, ಓದಿದ ಮಕ್ಕಳು, ಗಿರಾಕಿ ಎಲ್ಲ ಇಲ್ಲೇ ಇದ್ದಾರೆ. ಇಲ್ಲದಿರೋದು ಹೊಸ ಮೋಟಾರನ್ನು ಎರಡು ಮಳೆಗಾಲ ಓಡಿಸಿ ನೋಡುವ, ಕೆಟ್ಟರೆ ಆ ನಷ್ಟ ತೋಟದವನ ತಲೆಗೆ ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆ.

ಸ್ಟಾರ್ಟ್‌ಅಪ್ ಸ್ಪರ್ಧೆಗಳಲ್ಲಿ ದೊಡ್ಡ ಚೆಕ್ ಹಿಡಿದು ಫೋಟೋ ತೆಗೆಸಿಕೊಂಡರೆ ಈ ಕೆಲಸ ಆಗೋದಿಲ್ಲ. ಆ ದುಡ್ಡಲ್ಲಿ ಸರ್ಕಾರ ನೂರು ತೋಟಗಳಿಗೆ ಹೊಸ ಮೋಟಾರು ಹಾಕಿಸಿ, ಕೆಟ್ಟದ್ದರ ಖರ್ಚು ತಾನೇ ಹೊರಲಿ. ಔಂಧ್‌ನಂಥ ಪುಟ್ಟ ಸಂಸ್ಥಾನ 1910ರಲ್ಲಿ ತೋರಿದಷ್ಟು ಧೈರ್ಯವನ್ನು ಇಷ್ಟು ದೊಡ್ಡ ರಾಜ್ಯ ತೋರೋಕಾಗೋದಿಲ್ಲವೇ?