ಮಿಡತೆಯ ಹೆಸರಿನಲ್ಲಿ ಉಳಿದ ಕೋಲ್ಮನ್

ಮಕ್ಕಳೇ, ಮಂಡ್ಯದ ಸಕ್ಕರೆ ಕಾರ್ಖಾನೆಯ ಹೆಸರು ಕೇಳಿದ್ದೀರಲ್ಲವೇ? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಲು ಶ್ರಮಿಸಿದವರಲ್ಲಿ ಡಾ. ಲೆಸ್ಲಿ ಕೋಲ್ಮನ್ ಪ್ರಮುಖರು. ಆದರೆ ಅವರು ಇಲ್ಲಿಗೆ ಬಂದದ್ದು ಕೀಟಗಳನ್ನೂ ಸಸ್ಯರೋಗಗಳನ್ನೂ ಅಧ್ಯಯನ ಮಾಡಲು!

ಕೋಲ್ಮನ್ 1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಟೊರಾಂಟೊ ಮತ್ತು ಜರ್ಮನಿಯಲ್ಲಿ ಓದಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಆಗ ಜೋಳದ ಹೊಲಗಳಿಗೆ ಒಂದು ಮಿಡತೆಯ ಕಾಟವಿತ್ತು. ಬೆಳೆ ಹೋದರೆ ರೈತರ ಮನೆಯಲ್ಲಿ ರೊಟ್ಟಿಗೂ ಗತಿಯಿಲ್ಲ. ಆ ಮಿಡತೆಗೆ ಹಾರುವ ರೆಕ್ಕೆಗಳಿರಲಿಲ್ಲ. ಹಾಗಾದರೆ ಅದು ಮರಿಯೇ? ಯೋಚಿಸಿ. ಬೇರೆ ಮಿಡತೆಗಳ ಮರಿಗಳಿಗೂ ಹಾರಲು ಬರುವುದಿಲ್ಲ. ಆದರೆ ಇದು ಬೆಳೆದು ಮೊಟ್ಟೆಯಿಡುವಾಗಲೂ ಹಾರಲಾರದು! ರೆಕ್ಕೆಯಿಲ್ಲದಿರುವುದೇ ಇದರ ಗುರುತು.

ಸ್ಪೇನಿನ ಕೀಟತಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಇದನ್ನು ಹೊಸ ಜಾತಿ ಎಂದು ವರ್ಗೀಕರಿಸಿ, 'ಕೋಲ್ಮೇನಿಯ ಸ್ಫೀನರಿಯಾಯ್ಡಿಸ್' ಎಂದು ಹೆಸರಿಟ್ಟರು. ಮೊದಲ ಪದ ಕೋಲ್ಮನ್ ಅವರ ಗೌರವಾರ್ಥ. ಎರಡನೆಯದು, ಮೆಕ್ಸಿಕೊದ 'ಸ್ಫೀನೇರಿಯಮ್' ಎಂಬ ಮಿಡತೆಯನ್ನು ಹೋಲುತ್ತದೆ ಎಂದು ಸೂಚಿಸುತ್ತದೆ.

ಕೀಟವನ್ನು ಗುರುತಿಸಿದರೆ ರೈತರಿಗೇನು ಲಾಭ? ಈ ಮಿಡತೆ ಮಣ್ಣಿನೊಳಗೆ ಮೊಟ್ಟೆಯಿಡುತ್ತದೆ. ಮುಂಗಾರು ಮಳೆ ಬಿದ್ದ ಮೇಲೆ ಮರಿಗಳು ಹೊರಬರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಮರಿಗಳಿದ್ದಾಗಲೇ ಹಿಡಿದು ನಾಶಪಡಿಸಿದರೆ, ದೂರದಿಂದ ಹೊಸ ಹಿಂಡು ಹಾರಿ ಬರುವ ಭಯವಿಲ್ಲ. ರೆಕ್ಕೆಯುಳ್ಳ ಮಿಡತೆಗಳಿಗೆ ಈ ಉಪಾಯ ಸಾಲದು.

ಅಡಿಕೆಯ ಕೊಳೆರೋಗವನ್ನೂ ಕೋಲ್ಮನ್ ಹೀಗೆಯೇ ಬೆನ್ನಟ್ಟಿದರು. ರೋಗ ತರುವ ಸೂಕ್ಷ್ಮಜೀವಿಯನ್ನು 'ಫೈಟಾಫ್ತೊರ' ಎಂಬ ಗುಂಪಿನಲ್ಲಿ ಗುರುತಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದನ್ನು ರೂಢಿಗೆ ತಂದರು. ಅಂದು ಶಿಲೀಂಧ್ರವೆಂದು ಕರೆದ ಈ ಜೀವಿಯನ್ನು ವಿಜ್ಞಾನಿಗಳು ಈಗ ಬೇರೆ ಗುಂಪಿಗೆ ಸೇರಿಸಿದ್ದಾರೆ. ಹೊಸ ಸಾಕ್ಷ್ಯ ಸಿಕ್ಕಿದಾಗ ವರ್ಗೀಕರಣವೂ ಬದಲಾಗುತ್ತದೆ.

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್, ಹೆಬ್ಬಾಳದ ಕೃಷಿ ಶಾಲೆಯನ್ನೂ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವನ್ನೂ ಬೆಳೆಸಿದರು. ಕನ್ನಂಬಾಡಿ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ಹರಿದಾಗ ಕಬ್ಬಿನ ಬೆಳೆಗೆ ಒತ್ತುಕೊಟ್ಟರು. 1930ರ ದಶಕದಲ್ಲಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ನಿಧನರಾದರು.

ಮಾಡಿ ನೋಡಿ: ಶಾಲೆಯ ಬೇಲಿಯಲ್ಲಿ ಒಂದು ಮಿಡತೆಯನ್ನು ಹುಡುಕಿ. ಎಷ್ಟು ಕಾಲುಗಳಿವೆ? ಮೀಸೆ ದೇಹಕ್ಕಿಂತ ಚಿಕ್ಕದೋ, ಉದ್ದವೋ? ರೆಕ್ಕೆಗಳಿವೆಯೇ? ಯಾವ ಗಿಡದ ಮೇಲೆ ಸಿಕ್ಕಿತು? ಚಿತ್ರ ಬರೆದು, ದಿನಾಂಕ ಹಾಕಿ. ಮಿಡತೆಯನ್ನು ಅಲ್ಲಿಯೇ ಬಿಟ್ಟುಬಿಡಿ. ನಿಮ್ಮ ಗೆಳೆಯರು ಕಂಡ ಮಿಡತೆಯೂ ಅದೇ ಬಗೆಯದೇ? ಹೋಲಿಸಿ ನೋಡಿ.